ಅದೇ ಪಾತ್ರ

ರೇಡಿಯೋ ನಾಟಕ ಮುಗಿದ ಮೇಲೆ ಪಾತ್ರಧಾರಿಗಳ ಹೆಸರು ಓದುತ್ತಾರೆ. ರಾಜನಾಗಿ ಇಂಥವರು, ರಾಣಿಯಾಗಿ ಇಂಥವರು, ವಿದೂಷಕನಾಗಿ ಇಂಥವರು, ‘ಮತ್ತು ಇತರರು’. ಆ ಇತರರು ನಮ್ಮ ಚಿಕ್ಕಪ್ಪ. ಇಲ್ಲಿ ಬಹುವಚನ ಬರೀ ಮರ್ಯಾದೆಗಲ್ಲ. ದ್ವಾರಪಾಲಕ, ದೂತ, ಗುಂಪಿನಲ್ಲಿ ‘ಜಯವಾಗಲಿ’ ಎನ್ನುವವನು, ಅದೇ ಗುಂಪಿನಲ್ಲಿ ಸ್ವಲ್ಪ ಹೊತ್ತಿಗೆ ‘ಧಿಕ್ಕಾರ’ ಎನ್ನುವವನು, ಎಲ್ಲರೂ ಅವರೊಬ್ಬರೇ. ವಾರವಿಡೀ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರು. ರಜೆಯ ದಿನ ರೇಡಿಯೋ ಕೇಂದ್ರದಲ್ಲಿ ಒಂದು ಸಾಮ್ರಾಜ್ಯದ ಅರ್ಧ ಜನಸಂಖ್ಯೆ.

ಚಿಕ್ಕಮ್ಮನ ಅಣ್ಣನಿಗೆ ಟೈಲ್ಸ್ ಅಂಗಡಿ ಇದೆ. ನಾನು ಅವರನ್ನು ಟೈಲ್ಸ್ ಮಾವ ಎನ್ನುತ್ತೇನೆ, ಮನಸ್ಸಿನಲ್ಲಿ. ಎದುರಿಗೆ ಬರೀ ಮಾವ. ಅವರು ಬಂದಾಗಲೆಲ್ಲ ಬಾಗಿಲಲ್ಲೇ ನಿಂತು “ಏನಮ್ಮಾ, ಇತರರು ಇದಾರಾ?” ಎಂದು ಕೇಳುತ್ತಿದ್ದರು. ಚಿಕ್ಕಪ್ಪ ಒಳಗಿನಿಂದ ನಗುತ್ತಿದ್ದರು. ನಾಟಕದಲ್ಲಿ ‘ನಗು’ ಎಂದು ಬರೆದಿದ್ದಾಗ ತೆಗೆಯುವ ನಗು ಅದು.

ಪದವಿ ಮುಗಿಸಿದ ಮೇಲೆ ನಾನು ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದೆ. ಹುಡುಕುತ್ತಿದ್ದೆ ಎಂದರೆ ಪೇಪರಿನಲ್ಲಿ. ಉಳಿದ ಹೊತ್ತು ಚಿಕ್ಕಪ್ಪನ ತಾಲೀಮಿಗೆ ಎದುರು ಪಾತ್ರದ ಮಾತು ಓದುತ್ತಿದ್ದೆ. ಬರೆದುಕೊಟ್ಟ ಮಾತಾದರೆ ನನಗೆ ತೊಂದರೆಯಿಲ್ಲ. ಬರೆಯದ ಮಾತೇ ಕಷ್ಟ.

ಒಂದು ಭಾನುವಾರ ಬೆಳಿಗ್ಗೆ ಫೋನು ಬಂತು. ಚಿಕ್ಕಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತೇ ಮಾತಾಡಿದರು. “ಹೌದು, ನಾನೇ... ಹೌದು... ಸಂತೋಷ... ಆಗಲಿ.” ಫೋನಿಟ್ಟು, ಕುರ್ಚಿ ಖಾಲಿಯಿದ್ದರೂ ಪಕ್ಕದ ಸ್ಟೂಲಿನಲ್ಲಿದ್ದ ಇಸ್ತ್ರಿ ಬಟ್ಟೆಗಳ ಮೇಲೆ ಕೂತರು. ಚಿಕ್ಕಮ್ಮ ಬೈಯಲು ಬಾಯಿ ತೆರೆದವರು ಅವರ ಮುಖ ನೋಡಿ ಸುಮ್ಮನಾದರು.

“ಟೀವಿಯೋರು,” ಎಂದರು ಚಿಕ್ಕಪ್ಪ. “ನಾವು ರೇಡಿಯೋದಲ್ಲಿ ಆ ಹಳೇ ನಾಟಕ ಮಾಡಿದ್ವಲ್ಲ, ಅದನ್ನ ಟೀವಿಗೆ ತೆಗೀತಾರಂತೆ. ಡೈರೆಕ್ಟರು ನಮ್ಮ ನಾಟಕ ಕೇಳಿ ಕೇಳಿ ಹುಚ್ಚು ಹಿಡಿಸ್ಕೊಂಡಿದಾರಂತೆ. ಅದರಲ್ಲಿ ನಾನು ಮಾಡಿದ ಪಾತ್ರಾನೇ ಇಲ್ಲೂ ಮಾಡ್ಬೇಕಂತೆ. ಬೇರೆ ಯಾರ ಕೈಲೂ ಆಗಲ್ವಂತೆ.”

“ಯಾವ ಪಾತ್ರ?” ಎಂದು ಕೇಳಿದರು ಚಿಕ್ಕಮ್ಮ.

ಚಿಕ್ಕಪ್ಪನ ಮುಖದಲ್ಲಿದ್ದ ಸಂತೋಷ ಇರಲೋ ಹೋಗಲೋ ಎಂದು ಅಲ್ಲೇ ನಿಂತಿತು.

ಆ ನಾಟಕದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅದು ಎಲ್ಲರೂ ಗೌರವಿಸುವ, ಆದ್ದರಿಂದಲೇ ಯಾರೂ ಓದದ ನಾಟಕ. ಮುದಿ ಮಂತ್ರಿಯೊಬ್ಬ ನಿಜ ಹೇಳುತ್ತಾನೆ. ಸೇನಾಪತಿ ಅವನನ್ನು ಸೆರೆಗೆ ಹಾಕಿ ಕೊಲ್ಲುತ್ತಾನೆ. ಕೊಲ್ಲಿಸಿದವಳು ತಾನೇ ಎಂದು ರಾಣಿ ಬಹಳ ಹೊತ್ತು ಪಶ್ಚಾತ್ತಾಪ ಪಡುತ್ತಾಳೆ. ರೇಡಿಯೋದಲ್ಲಿ ಚಿಕ್ಕಪ್ಪ ಮುದಿ ಮಂತ್ರಿ. ಸೇನಾಪತಿಯಾಗಬೇಕಿದ್ದವರು ಗಂಟಲು ಕಟ್ಟಿ ಬರಲಿಲ್ಲವಾದ್ದರಿಂದ ಸೇನಾಪತಿಯೂ ಚಿಕ್ಕಪ್ಪ. ಮಂತ್ರಿಯಾದಾಗ ಮೈಕಿಗೆ ಗಲ್ಲ ತಾಗಿಸಿ ನಡುಗುವುದು, ಸೇನಾಪತಿಯಾದಾಗ ಹಿಂದೆ ಸರಿದು ಎದೆಯುಬ್ಬಿಸಿ ಗುಡುಗುವುದು. ಕೊಲೆಯ ದೃಶ್ಯದಲ್ಲಿ ಕೊಲ್ಲುವವರೂ ಸಾಯುವವರೂ ಒಬ್ಬರೇ ಆಗಿ, ಹಿಂದಕ್ಕೂ ಮುಂದಕ್ಕೂ ಓಡಾಡಿ ಅವರು ಏದುಸಿರು ಬಿಟ್ಟದ್ದನ್ನು ಕೇಳಿ, ಹೋರಾಟ ಬಹಳ ನೈಜವಾಗಿತ್ತೆಂದು ಜನ ಹೊಗಳಿದರು. ಸೆರೆಮನೆಯ ಗೋಡೆಯ ಮೇಲೆ ಕೂಗುವ ಕಾಗೆಯೂ ಅವರೇ. ರಾಣಿಯ ಪಶ್ಚಾತ್ತಾಪ ಲೆಕ್ಕ ಮೀರಿ ಬೆಳೆದದ್ದರಿಂದ, ಕೊನೆಯಲ್ಲಿ ರಾಜ ಮತ್ತು ರಾಣಿಯ ಹೆಸರು ಓದುವಷ್ಟರಲ್ಲಿ ವಾರ್ತೆಯ ಹೊತ್ತಾಗಿತ್ತು. ಉಳಿದವರೆಲ್ಲ ಇತರರು.

“ವಾಪಸ್ ಫೋನ್ ಮಾಡಿ ಯಾವ ಪಾತ್ರ ಅಂತ ಕೇಳಿ. ಅದಕ್ಕೇನಂತೆ?” ಎಂದರು ಚಿಕ್ಕಮ್ಮ.

“ಹೇಗೆ ಕೇಳ್ಲಿ? ಅವರು ಮೆಚ್ಚಿ ಕರೆದಿದಾರೆ. ಮಾಡಿದೋನಿಗೇ ಏನು ಮಾಡಿದೆ ಅಂತ ಗೊತ್ತಿಲ್ಲ ಅಂದ್ರೆ ಚೆನ್ನಾಗಿರುತ್ತಾ? ಅಲ್ದೆ ಅವರು ಮೆಚ್ಚಿರೋದು ಒಬ್ಬನ್ನ. ಉಳಿದೋರೂ ನಾನೇ ಅಂತ ಗೊತ್ತಾದ್ರೆ, ಓ ಇವನು ಎಲ್ಲದಕ್ಕೂ ಸಿಗೋ ಆಸಾಮಿ ಅಂತ ಕೈ ಬಿಡ್ತಾರೆ.”

ಚಿಕ್ಕಮ್ಮ ಈ ತರ್ಕವನ್ನು ಎಲ್ಲ ಕಡೆಯಿಂದಲೂ ನೋಡಿದರು. ಹಿಡಿದುಕೊಳ್ಳಲು ಎಲ್ಲಿಯೂ ಜಾಗ ಸಿಗಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಟೈಲ್ಸ್ ಮಾವನನ್ನು ಮುಟ್ಟಿ, ಟೈಲ್ಸ್ ಮಾವ ನಮ್ಮ ಮನೆಯನ್ನು ಮುಟ್ಟಿದರು.

“ಮುಖ ಕಾಣುತ್ತೇನ್ರೀ?” ಎಂದರು ಕೂರುವ ಮೊದಲೇ.

“ಟೀವಿ ಅಂದ್ಮೇಲೆ ಕಾಣ್ದೆ ಇರುತ್ತಾ ಭಾವ?”

“ಹಾಗಲ್ಲ. ಕಂಡ್ರೆ ಅಂಗಡಿಯೋರನ್ನೆಲ್ಲ ಕರ್ಕೊಂಡು ಬಂದು ಇಲ್ಲೇ ಕೂತು ನೋಡ್ತೀನಿ. ಇಷ್ಟು ವರ್ಷ ನಮ್ಮ ತಂಗಿ ಗಂಡ ಆಕ್ಟರು ಅಂದ್ರೆ, ಯಾವುದರಲ್ಲಿ ಅಂತ ಕೇಳ್ತಾರೆ ಜನ. ನಾನು ಗಾಳೀಲಿ ಅಂತೀನಿ. ಕಾಣ್ದೆ ಹೋದ್ರೆ?”

ಚಿಕ್ಕಪ್ಪ ಎದ್ದು ನಿಂತರು. ಆಗ ಅವರೊಳಗೆ ಮಂತ್ರಿಯಿದ್ದನೋ ಸೇನಾಪತಿಯಿದ್ದನೋ ನಾನು ಹೇಳಲಾರೆ.

“ಈ ಸಲ ನನ್ನ ಮುಖ ಕಾಣ್ದೆ ಹೋದ್ರೆ, ಇನ್ನು ಜನ್ಮದಲ್ಲಿ ರೇಡಿಯೋ ಕೇಂದ್ರದ ಕಡೆ ತಲೆ ಹಾಕಿ ಮಲಗಲ್ಲ.”

ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಚಿಕ್ಕಮ್ಮನಿಗೆ. ರೇಡಿಯೋ ಇಲ್ಲದ ಭಾನುವಾರಗಳನ್ನು ಅವರು ಕಂಡಿದ್ದರು. ಅಂಥ ದಿನ ಚಿಕ್ಕಪ್ಪ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಾರೆ. ಜೋಡಿಸಿದ ಮೇಲೆ ಕೆಲವು ಚೂರುಗಳು ಉಳಿಯುತ್ತವೆ. ನೀರು ಸರಬರಾಜು ಕಚೇರಿಯ ಗುಮಾಸ್ತರ ಮನೆಯಲ್ಲಿ ಬಕೆಟ್ಟು ಹಿಡಿದು ಪಕ್ಕದ ಮನೆಗೆ ಹೋಗುವುದು ಹೇಗಿರುತ್ತದೆಂದು ಚಿಕ್ಕಮ್ಮನನ್ನೇ ಕೇಳಬೇಕು.

ಆದ್ದರಿಂದ ಮರುದಿನ, ಚಿಕ್ಕಪ್ಪ ಕಚೇರಿಗೆ ಹೊರಟ ಕೂಡಲೇ, ಚಿಕ್ಕಮ್ಮ ಫೋನು ನನ್ನ ಕೈಗಿಟ್ಟರು. “ನೀನು ಓದಿದೋಳು. ಮೆಲ್ಲಗೆ ಯಾವ ಪಾತ್ರ ಅಂತ ಕೇಳು.”

ಆ ಕಡೆ ಒಬ್ಬ ಹುಡುಗಿ ಫೋನು ಎತ್ತಿ “ಹೇಳಿ” ಎಂದಳು. ನಾನು ಚಿಕ್ಕಪ್ಪನ ಹೆಸರು ಹೇಳಿದೆ. ಅವಳು ಮತ್ತೆ “ಹೇಳಿ” ಎಂದಳು. ಆ ಎರಡನೆಯ ‘ಹೇಳಿ’ಗೆ ನನ್ನಲ್ಲಿದ್ದ ಪ್ರಶ್ನೆ ಎಲ್ಲೋ ಓಡಿಹೋಗಿ, ಬಾಯಿಗೆ ಸಿಕ್ಕ ಇನ್ನೊಂದು ಪ್ರಶ್ನೆ ಹೊರಗೆ ಬಂತು.

“ಅವರು ಅಲ್ಲಿಗೆ ಚಪ್ಪಲಿ ಹಾಕ್ಕೊಂಡು ಬರಬಹುದಾ?”

“ಒಂದು ನಿಮಿಷ,” ಎಂದು ಅವಳು ಯಾರನ್ನೋ ಕೇಳಿಕೊಂಡು ಬಂದಳು. “ಬರ್ಲಿ. ಆದ್ರೆ ಇಲ್ಲಿ ಬಿಚ್ಚಿಡ್ಬೇಕಾಗುತ್ತೆ. ಅವರ ಪಾತ್ರಕ್ಕೆ ಚಪ್ಪಲಿ ಇಲ್ವಂತೆ.”

ನಾನು “ಥ್ಯಾಂಕ್ಸ್” ಎಂದು ಇಟ್ಟುಬಿಟ್ಟೆ.

ನಾಚಿಕೆಯಿಂದ ಸಿಕ್ಕ ಈ ಮಾಹಿತಿಯನ್ನು ಸಂಜೆ ಇಡೀ ಮನೆ ಕೂತು ಪರಿಶೀಲಿಸಿತು.

“ಸೆರೆಮನೇಲಿ ಚಪ್ಪಲಿ ಎಲ್ಲಿಂದ ಬರುತ್ತೆ? ಮಂತ್ರೀನೇ,” ಎಂದರು ಚಿಕ್ಕಮ್ಮ.

ಪಕ್ಕದ ಮನೆಯ ಡ್ರಿಲ್ ಮಾಸ್ತರು ತಲೆಯಾಡಿಸಿದರು. ಅವರು ಶಾಲೆಯಿಂದ ನಿವೃತ್ತರಾಗಿದ್ದರೂ ಡ್ರಿಲ್ಲಿನಿಂದ ಆಗಿರಲಿಲ್ಲ. “ನೋಡಿ, ಸೇನಾಪತಿಗೆ ಇರೋದು ಬೂಟು. ಚಪ್ಪಲಿ ಇಲ್ಲ ಅಂದ್ರೆ ಬೂಟಿದೆ ಅಂತ ಅರ್ಥ. ಸೇನಾಪತಿ. ಇದರಲ್ಲಿ ಎರಡು ಮಾತಿಲ್ಲ.”

ಟೈಲ್ಸ್ ಮಾವ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಬೀಳುವ ಮೊದಲು ಬಾಯಿಗೆ ಹಾಕಿಕೊಂಡು, ನುಂಗಿ, ನಿಧಾನವಾಗಿ ಹೇಳಿದರು:

“ಕಾಗೆಗೂ ಚಪ್ಪಲಿ ಇರಲ್ಲ.”

ಚಿಕ್ಕಪ್ಪ ಎದ್ದು ಕೈತೊಳೆಯಲು ಹೋದರು. ಅವರು ಏನನ್ನೂ ತಿಂದಿರಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆ ಎರಡು ಶಿಬಿರಗಳಾಗಿ ಒಡೆಯಿತು. ಬೆಳಿಗ್ಗೆ ಡ್ರಿಲ್ ಮಾಸ್ತರು ಬಂದು ಚಿಕ್ಕಪ್ಪನನ್ನು ಓಣಿಯಲ್ಲಿ ನಡೆಸುತ್ತಿದ್ದರು. “ಎದೆ ಮುಂದೆ. ಹೊಟ್ಟೆ ಹಿಂದೆ. ಹೊಟ್ಟೆ ಹಿಂದೆ ಅಂದೆ, ಎದೆ ಅಲ್ಲ.” ಸಂಜೆ ಚಿಕ್ಕಮ್ಮ ಅವರನ್ನು ಗೋಡೆಗೆ ಒರಗಿಸಿ ನಡುಗಿಸುತ್ತಿದ್ದರು. ಮಂತ್ರಿಯ ಪಾತ್ರವೇ ಸರಿ ಎನ್ನಲು ಚಿಕ್ಕಮ್ಮನಿಗೆ ಬಲವಾದ ಕಾರಣವಿತ್ತು. “ನಡುಗೋದು ಅವರಿಗೆ ಸಹಜವಾಗಿ ಬರುತ್ತೆ. ಅಣ್ಣ ಬಂದಾಗ ನಾನೇ ನೋಡಿದೀನಿ.”

ಗಡ್ಡದ ಪ್ರಶ್ನೆ ಇನ್ನೂ ಜಟಿಲವಾಗಿತ್ತು. ಮಂತ್ರಿಗೆ ಗಡ್ಡ ಬೇಕು, ಸೇನಾಪತಿಗೆ ಬರೀ ಮೀಸೆ. ಚಿಕ್ಕಪ್ಪ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತು, ನೊರೆ ಹಚ್ಚಿಸಿಕೊಂಡು, ಯೋಚಿಸಿ, ನೊರೆ ಒರೆಸಿಸಿಕೊಂಡು ಎದ್ದು ಬರುತ್ತಿದ್ದರು. ಇದು ಮತ್ತೆ ಮತ್ತೆ ನಡೆದ ಮೇಲೆ ಕ್ಷೌರಿಕ, “ಸಾರ್, ಮನೇಲಿ ಕೂತು ತೀರ್ಮಾನ ಮಾಡ್ಕೊಂಡು ಬನ್ನಿ. ನೀವು ಬಂದು ಹೋದ್ಮೇಲೆ ಉಳಿದೋರಿಗೂ ಅನುಮಾನ ಶುರುವಾಗುತ್ತೆ,” ಎಂದನಂತೆ.

ಎರಡು ಶಿಬಿರಗಳೂ ಗೆದ್ದವು. ಚಿಕ್ಕಪ್ಪನ ಕಾಲುಗಳು ಸೇನಾಪತಿಯ ಕಡೆ ಸೇರಿದವು, ಕೈಗಳು ಮಂತ್ರಿಯ ಕಡೆ. ನಾನು ಒಮ್ಮೆ ಊಟದ ಡಬ್ಬಿ ಕೊಡಲು ಕಚೇರಿಗೆ ಹೋದಾಗ ಅವರು ಮ್ಯಾನೇಜರ ಕೋಣೆಗೆ ಫೈಲು ಒಯ್ಯುತ್ತಿದ್ದರು. ಕಾಲು ಟಕ್ ಟಕ್ ಎಂದು ನೆಲ ಒದೆಯುತ್ತಿತ್ತು. ಕೈಯಲ್ಲಿದ್ದ ಫೈಲು ಎಲೆಯಂತೆ ಅಲುಗುತ್ತಿತ್ತು. ಮೇಜುಗಳ ಹಿಂದೆ ಕೂತಿದ್ದವರೆಲ್ಲ ಪೆನ್ನು ಕೆಳಗಿಟ್ಟು ನೋಡಿದರು.

“ಕೂತ್ಕೊಳ್ಳಿ,” ಎಂದರು ಮ್ಯಾನೇಜರು. “ರಜೆ ಅರ್ಜೀಲಿ ಕಾರಣ ಬರೆದಿಲ್ವಲ್ಲ ನೀವು.”

“ಬರೀತಿದ್ದೆ ಸಾರ್. ನಾನು ಯಾರು ಅಂತ ಇನ್ನೂ ಗೊತ್ತಾಗಿಲ್ಲ.”

ಮ್ಯಾನೇಜರು ಕನ್ನಡಕ ತೆಗೆದರು.

“ಕಾಲು ಒಬ್ಬರದು, ಕೈ ಇನ್ನೊಬ್ಬರದು ಆಗ್ಬಿಟ್ಟಿದೆ ಸಾರ್,” ಎಂದು ಚಿಕ್ಕಪ್ಪ ಪ್ರಾಮಾಣಿಕವಾಗಿ ವಿವರಿಸಿದರು. “ನಡುವೆ ಒಂದು ಕಾಗೇನೂ ಇದೆ. ಸೋಮವಾರ ಹೋದ್ರೆ ಅವರೇ ಹೇಳ್ತಾರೆ.”

“ಖಂಡಿತ ಹೋಗಿ,” ಎಂದರು ಮ್ಯಾನೇಜರು ಬಹಳ ಮೃದುವಾಗಿ. “ಈಗೆಲ್ಲ ಒಳ್ಳೊಳ್ಳೆ ಡಾಕ್ಟರಿದಾರೆ. ಎಷ್ಟು ದಿನ ಬೇಕಾದ್ರೂ ತಗೊಳ್ಳಿ. ಇಲ್ಲಿ ನಾವೆಲ್ಲ ಇದೀವಿ.” ನನ್ನ ಕಡೆ ತಿರುಗಿ, ಒಬ್ಬರನ್ನೇ ಕಳಿಸಬೇಡಿ ಎಂದು ಕಣ್ಣಲ್ಲೇ ಹೇಳಿದರು. ನಾನು ತಲೆಯಾಡಿಸಿದೆ. ನಿಜ ಹೇಳುವುದಕ್ಕೆ ಬಹಳ ಮಾತು ಬೇಕಿತ್ತು.

ಸೋಮವಾರ ಶೂಟಿಂಗಿಗೆ ಚಿಕ್ಕಪ್ಪನ ಜೊತೆ ನಾನೂ ಹೋದೆ. ಅದು ಹಿಂದೆ ಗೋದಾಮಾಗಿದ್ದ ಕಟ್ಟಡ. ಒಳಗೆ ಅರಮನೆ ಎದ್ದಿತ್ತು. ಕಲ್ಲಿನ ಕಂಬವೊಂದನ್ನು ಒಬ್ಬಾತ ಬಗಲಲ್ಲಿ ಇಟ್ಟುಕೊಂಡು ಚಹಾ ಕುಡಿಯುತ್ತ ಹೋಗುತ್ತಿದ್ದ. ಚಿಕ್ಕಪ್ಪ ಚಪ್ಪಲಿ ಬಿಚ್ಚಿ ಮೇಕಪ್ಪಿನ ಕುರ್ಚಿಯಲ್ಲಿ ಕೂತರು.

“ಯಾವ ಪಾತ್ರ?” ಎಂದ ಮೇಕಪ್ಪಿನವನು.

“ಅದೇ ಪಾತ್ರ.”

“ಅದೇ ಅಂದ್ರೆ?”

“ರೇಡಿಯೋದಲ್ಲಿ ಮಾಡಿದ್ದು.”

“ನಮ್ಮನೇಲಿ ರೇಡಿಯೋ ಇಲ್ಲ ಸಾರ್. ಗಡ್ಡ ಅಂಟಿಸ್ಲಾ ಬೇಡ್ವಾ, ಅಷ್ಟು ಹೇಳಿ.”

“ಡೈರೆಕ್ಟರು ಏನಂದ್ರು?”

“ನಿಮಗೆ ಏನೂ ಹಚ್ಚಬೇಡ ಅಂದ್ರು.”

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಹೊಟ್ಟೆಯವರೆಗೆ ಬಿಳಿಗಡ್ಡ ಇಳಿಬಿಟ್ಟ ಒಬ್ಬರು ಹೊರಗೆ ಬಂದರು. ಮಂತ್ರಿ. ಅವರ ಹಿಂದೆಯೇ ಕವಚ ತೊಟ್ಟು, ಮೀಸೆ ತಿರುವಿಕೊಂಡು ಇನ್ನೊಬ್ಬರು. ಸೇನಾಪತಿ. ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು, ಯಾವುದೋ ಮನೆ ಬಾಡಿಗೆಯ ವಿಷಯ ಮಾತಾಡುತ್ತ ನಮ್ಮ ಮುಂದೆ ಹಾದುಹೋದರು. ತಾವು ಒಂಟಿಯಾಗಿ ಓಡಾಡಿ ನಿಭಾಯಿಸಿದ್ದ ಇಬ್ಬರು ವೈರಿಗಳು ಹೀಗೆ ಸ್ನೇಹದಿಂದ ಹೋಗುವುದನ್ನು ಚಿಕ್ಕಪ್ಪ ಕನ್ನಡಿಯಲ್ಲಿ ನೋಡಿದರು. ತಮ್ಮ ಬರಿಗಾಲನ್ನೂ ಒಮ್ಮೆ ನೋಡಿಕೊಂಡರು.

“ಇನ್ನು ಉಳಿದಿರೋದು ಅದೊಂದೇ,” ಎಂದರು ನನಗೆ ಮಾತ್ರ ಕೇಳುವಂತೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಸಣ್ಣದಾಗಿ ಒಮ್ಮೆ ‘ಕಾ’ ಎಂದರು. ವೃತ್ತಿಯ ಮೇಲಿನ ಅವರ ನಿಷ್ಠೆ ನೋಡಿ ನನಗೆ ಅಳು ಬಂತು. ಮನೆಯಲ್ಲಿ ಟೈಲ್ಸ್ ಮಾವ ಕಾಯುತ್ತಿದ್ದರು.

ಆಗ ಡೈರೆಕ್ಟರು ಬಂದರು. ಚಿಕ್ಕ ವಯಸ್ಸಿನವರು. ಬಂದವರೇ ಚಿಕ್ಕಪ್ಪನ ಎರಡೂ ಕೈ ಹಿಡಿದುಕೊಂಡರು.

“ಸಾರ್, ರಾಣಿ ಪಶ್ಚಾತ್ತಾಪದ ದೃಶ್ಯ. ಅವಳು ಹೇಳ್ಕೊಳ್ತಾ ಹೋಗ್ತಾಳೆ. ಪಕ್ಕದಲ್ಲಿ ಒಬ್ಬ ಸುಮ್ನೆ ಉಸಿರಾಡ್ತಾ ಇರ್ತಾನೆ. ಕೊಲ್ಲಿಸಿದ್ದು ನಾನೇ ಅಂದಾಗ ಆ ಉಸಿರು ನಿಂತೇ ಹೋಗುತ್ತೆ. ಆಮೇಲೆ ಸಣ್ಣದೊಂದು ನಿಟ್ಟುಸಿರು. ಮೈ ಜುಮ್ಮಂತು ಸಾರ್. ಮೂಲ ನಾಟಕ ತೆಗೆದು ನೋಡಿದ್ರೆ ಅಂಥ ಪಾತ್ರಾನೇ ಇಲ್ಲ. ರೇಡಿಯೋದೋರನ್ನ ಹಿಡಿದು, ಆವತ್ತು ಮೈಕ್ ಪಕ್ಕ ಇದ್ದೋರು ಯಾರು ಅಂತ ಕೇಳ್ದೆ. ನಿಮ್ಮ ಹೆಸರು ಹೇಳಿದ್ರು. ನಾನದನ್ನ ಅರಮನೆ ಆಳು ಮಾಡಿದೀನಿ. ಬರಿಗಾಲಲ್ಲಿ ನಿಂತಿರೋ ಆಳು. ರಾಣಿ ಎಲ್ಲಾನೂ ಹೇಳೋದು ಅವನ ಮುಂದೆ.”

ಚಿಕ್ಕಪ್ಪ “ಹೌದೌದು” ಎಂದರು. ಡೈರೆಕ್ಟರು ಅತ್ತ ತಿರುಗಿದ ಕೂಡಲೇ ನನ್ನ ಕಡೆ ಬಾಗಿ, “ನಾನಲ್ಲಿ ಏನೂ ಮಾಡ್ಲಿಲ್ವಲ್ಲೇ. ಹಾಳೆ ತಪ್ಪಿಹೋಗಿತ್ತು, ಹುಡುಕ್ತಾ ನಿಂತಿದ್ದೆ,” ಎಂದರು.

ತಾನು ಮಾಡದೆ ಇದ್ದದ್ದನ್ನು ಮತ್ತೆ ಮಾಡುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು. ಮೊದಲ ಸಲ ಚಿಕ್ಕಪ್ಪ ಉಸಿರಾಡಿದ್ದಕ್ಕೆ ಧ್ವನಿ ಹಿಡಿಯುವವನು ಕಿವಿಯಿಂದ ಹೆಡ್‌ಫೋನು ಕಿತ್ತ. ಎರಡನೆಯ ಸಲ ಓಣಿಯ ತಾಲೀಮು ನೆನಪಾಗಿ ಎದೆ ಮುಂದೆ ಬಂತು; ಆಳು ರಾಣಿಯನ್ನೇ ಬಂಧಿಸಲು ಬಂದವನಂತೆ ಕಂಡ. ಅದಾದ ಮೇಲೆ ಕೈ ನಡುಗತೊಡಗಿ, ರಾಣಿಯೇ ಮಾತು ನಿಲ್ಲಿಸಿ “ನೀರು ಬೇಕಾ ಅಂಕಲ್?” ಎಂದು ಕೇಳಿದಳು.

“ಸಾರ್, ಏನೂ ಮಾಡ್ಬೇಡಿ,” ಎಂದರು ಡೈರೆಕ್ಟರು. “ಆವತ್ತು ನಿಮ್ಮ ಮನಸ್ಸಲ್ಲಿ ಏನಿತ್ತು, ಅಷ್ಟೇ ಸಾಕು.”

ರಾಣಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಚಿಕ್ಕಪ್ಪ ಅವಳ ಮುಖವನ್ನೇ ನೋಡುತ್ತ ನಿಂತರು. ವಿಳಾಸ ಕೇಳಿದವನು ದಾರಿ ಹೇಳುವವರ ಬಾಯಿಯನ್ನೇ ನೋಡುತ್ತಾನಲ್ಲ, ಹಾಗೆ. ಹುಬ್ಬು ಸ್ವಲ್ಪ ಗಂಟಾಗಿತ್ತು. ತುಟಿ ಏನನ್ನೋ ಹೇಳಲು ತೆರೆದು, ಹೇಳದೆ ಮುಚ್ಚಿತು. ಕೊಲ್ಲಿಸಿದ್ದು ನಾನೇ ಎಂದು ರಾಣಿ ಹೇಳಿದಾಗ ಅವರ ಉಸಿರು ನಿಂತಿತು. ಮಾತು ಮುಗಿದ ಮೇಲೆ ಸಣ್ಣದೊಂದು ನಿಟ್ಟುಸಿರು ಬಂತು. ಆಮೇಲೆ ಡೈರೆಕ್ಟರು ಕಣ್ಣು ಒರೆಸಿಕೊಂಡು “ಕಟ್” ಎಂದರು.

ಬಸ್ಸಿನಲ್ಲಿ ನಾನು ಅಪರೂಪಕ್ಕೆ ಒಂದು ಪ್ರಶ್ನೆ ಕೇಳಿದೆ. “ಏನು ಯೋಚ್ನೆ ಮಾಡ್ತಿದ್ರಿ ಚಿಕ್ಕಪ್ಪ?”

“ಅವಳ ಮಾತು ಎಲ್ಲಿ ಮುಗಿಯುತ್ತೆ, ಮುಗಿದ್ಮೇಲೆ ನಾನು ಯಾರು ಅಂತ. ಇನ್ನೇನಿಲ್ಲ. ಮನೇಲಿ ಹೇಳ್ಬೇಡ.”

ನಾಟಕ ಪ್ರಸಾರವಾದ ಸಂಜೆ ನಮ್ಮ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೈಲ್ಸ್ ಮಾವ ನುಡಿದಂತೆ ಅಂಗಡಿಯನ್ನೇ ತಂದಿದ್ದರು. ಡ್ರಿಲ್ ಮಾಸ್ತರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ರೋಗಿಯನ್ನು ನೋಡಲು ಹಣ್ಣಿನ ಚೀಲದೊಂದಿಗೆ ಬಂದಿದ್ದ ಮ್ಯಾನೇಜರು ಏನಾಗುತ್ತಿದೆಯೆಂದು ತಿಳಿಯದೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು.

ಮಂತ್ರಿ ಬಂದ. ಚಿಕ್ಕಪ್ಪ ಅಲ್ಲ. ಚಿಕ್ಕಮ್ಮ ಸೆರಗಿನ ತುದಿ ಸುತ್ತತೊಡಗಿದರು. ಸೇನಾಪತಿ ಬಂದ. ಚಿಕ್ಕಪ್ಪ ಅಲ್ಲ. ಡ್ರಿಲ್ ಮಾಸ್ತರು “ನಡಿಗೆ ಸರಿಯಿಲ್ಲ” ಎಂದರು. ಸೆರೆಮನೆಯ ಗೋಡೆಯ ಮೇಲೆ ಕಾಗೆ ಬಂದು ಕೂತಿತು. ಅದು ನಿಜವಾದ ಕಾಗೆ.

“ಹೋಯ್ತಾ ಅದೂನೂ,” ಎಂದರು ಟೈಲ್ಸ್ ಮಾವ. ಅಂಗಡಿಯವರೆಲ್ಲ ನಕ್ಕರು. ಚಿಕ್ಕಪ್ಪ ಬಾಗಿಲ ಬಳಿ ನಿಂತಿದ್ದರು, ಅರ್ಧ ಮನೆಯಲ್ಲಿ, ಅರ್ಧ ಬೀದಿಯಲ್ಲಿ.

ರಾಣಿ ಪಶ್ಚಾತ್ತಾಪ ಶುರು ಮಾಡಿದಳು. ಅವಳ ಮುಖ ಒಂದು ಗಳಿಗೆ ಕಂಡಿತು. ಆಮೇಲೆ ಇಡೀ ಟೀವಿಯ ತುಂಬ, ಈ ಅಂಚಿನಿಂದ ಆ ಅಂಚಿನವರೆಗೆ, ಚಿಕ್ಕಪ್ಪನ ಮುಖ. ರಾಣಿಯ ದನಿ ಮಾತ್ರ ಕೇಳುತ್ತಿತ್ತು. ಮುಖ ಅಲ್ಲಿಂದ ಕದಲಲೇ ಇಲ್ಲ. ಅವಳು ಹೇಳುತ್ತ ಹೋದಳು, ಆ ಮುಖ ಕೇಳುತ್ತ ಹೋಯಿತು. ಟೈಲ್ಸ್ ಮಾವನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುಳುಗಿತು, ಅವರು ನೋಡಲಿಲ್ಲ.

ಮುಗಿದ ಮೇಲೆ ಮೊದಲು ಮಾತಾಡಿದವರು ಚಿಕ್ಕಮ್ಮ. ಅವರು ಟೀವಿಯನ್ನು ಬಿಟ್ಟು ಗಂಡನ ಕಡೆ ತಿರುಗಿ ಹೇಳಿದರು: “ಮೊನ್ನೆ ಮೇಲಿನ ಮನೆಯೋರ ಜಗಳದ ವಿಷಯ ನಾನು ಹೇಳಿದಾಗ ಈ ಮುಖ ಎಲ್ಲಿಟ್ಟಿದ್ರಿ?”

ಎಲ್ಲರೂ ಹೋದರು. ಟೈಲ್ಸ್ ಮಾವ ಮಾತ್ರ ಹೋಗಲಿಲ್ಲ. ಖಾಲಿ ಕುರ್ಚಿಗಳ ನಡುವೆ ತಮ್ಮ ಕುರ್ಚಿಯನ್ನು ಎಳೆದುಕೊಂಡು ಚಿಕ್ಕಪ್ಪನ ಎದುರು ಕೂತರು.

“ಭಾವ,” ಎಂದರು. ಹಾಗೆ ಅವರು ಕರೆದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. “ಒಂದು ವಿಷಯ. ನಾನು ಬಾಯಿ ತೆಗೆದ್ರೆ ನಮ್ಮನೇಲಿ ಒಬ್ಬೊಬ್ಬರೇ ಎದ್ದು ಹೋಗ್ತಾರೆ. ಅಂಗಡೀಲಿ ಸಂಬಳ ತಗೊಳ್ಳೋರು ಕೂತಿರ್ತಾರೆ, ಅಷ್ಟೆ. ಯಾಕಿರಬಹುದು?”

ಚಿಕ್ಕಪ್ಪನಿಗೆ ಇದಕ್ಕೆ ಏನು ಹೇಳಬೇಕೋ ಹೊಳೆಯಲಿಲ್ಲ. ಅವರು ಮಾವನ ಮುಖವನ್ನೇ ನೋಡಿದರು. ಹುಬ್ಬು ಗಂಟಾಯಿತು, ತುಟಿ ತೆರೆದು ಮುಚ್ಚಿತು, ಉಸಿರು ನಿಂತಿತು, ಆಮೇಲೆ ಸಣ್ಣದಾಗಿ ಹೊರಗೆ ಬಂತು. ಟೈಲ್ಸ್ ಮಾವ ಕರವಸ್ತ್ರದಿಂದ ಮೂಗು ಒರೆಸಿಕೊಂಡು, “ಸಾಕು ಭಾವ, ದೊಡ್ಡ ಉಪಕಾರ ಆಯ್ತು,” ಎಂದು ಎದ್ದು ಹೋದರು.

ಮರುದಿನ ಮ್ಯಾನೇಜರು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ತಮಗೆ ಬರಬೇಕಿದ್ದ ಬಡ್ತಿ ತಪ್ಪಿದ ಕತೆಯನ್ನು ಚಿಕ್ಕಪ್ಪನಿಗೆ ಹೇಳಿದರಂತೆ. ಡ್ರಿಲ್ ಮಾಸ್ತರು ಓಣಿಯಲ್ಲಿ ನಿಲ್ಲಿಸಿಕೊಂಡು, ಬೆಳಿಗ್ಗೆ ಎದ್ದರೆ ಯಾರನ್ನು ನಿಲ್ಲಿಸಿ ಯಾರನ್ನು ನಡೆಸಬೇಕೆಂದು ತೋಚುವುದಿಲ್ಲವೆಂದರು. ಕ್ಷೌರಿಕ ಗಿರಾಕಿಗಳನ್ನು ಬಿಟ್ಟು ಬಂದ. ಮೇಲಿನ ಮನೆಯವರು ಗಂಡ ಬೇರೆ, ಹೆಂಡತಿ ಬೇರೆಯಾಗಿ ಬಂದು ಒಂದೇ ಜಗಳವನ್ನು ಎರಡು ಸಲ ಹೇಳಿದರು.

“ಇವರಿಗೆಲ್ಲ ನಾನೇನು ಹೇಳ್ಬೇಕೇ?” ಎಂದರು ಚಿಕ್ಕಪ್ಪ ಕಂಗಾಲಾಗಿ.

“ಹೇಳ್ಬೇಡಿ. ಹೇಳಿದ್ರೆ ಕೆಡುತ್ತೆ,” ಎಂದರು ಚಿಕ್ಕಮ್ಮ.

ರೇಡಿಯೋ ಕೇಂದ್ರದವರು ಹೊಸ ನಾಟಕಕ್ಕೆ ಕರೆದಿದ್ದಾರೆ. ಚಿಕ್ಕಪ್ಪ ಹೋಗುತ್ತಾರೆ, ಆ ವಿಷಯದಲ್ಲಿ ಅನುಮಾನವಿಲ್ಲ. ಹೋಗುವ ಮುಂಚಿನ ಸಂಜೆ, ಬಂದವರೆಲ್ಲ ಎದ್ದು ಹೋದ ಮೇಲೆ, ನಾನೂ ಹೋಗಿ ಅವರ ಎದುರಿನ ಕುರ್ಚಿಯಲ್ಲಿ ಕೂತೆ. ನನಗೆ ಹೇಳುವುದು ಬಹಳ ಇತ್ತು. ಎಲ್ಲಿಂದ ಶುರು ಮಾಡುವುದೆಂದು ನೋಡುತ್ತ ಕೂತೆ. ಚಿಕ್ಕಪ್ಪ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತ ಕೂತರು. ಒಳಗೆ ಚಿಕ್ಕಮ್ಮ ಪಾತ್ರೆ ತೊಳೆದು, ಒರೆಸಿ, ಜೋಡಿಸಿಟ್ಟ ಸದ್ದೆಲ್ಲ ಮುಗಿಯಿತು.

ಕೊನೆಗೆ ಚಿಕ್ಕಪ್ಪ ತಗ್ಗಿದ ದನಿಯಲ್ಲಿ ಕೇಳಿದರು: “ಈಗ ಮಾತಾಡ್ಬೇಕಾಗಿರೋದು ನೀನೋ, ನಾನೋ?”

ನನಗೂ ಗೊತ್ತಿರಲಿಲ್ಲ.